ನಿಮ್ಮದೆಷ್ಟು, ಯಂತ್ರದ್ದೆಷ್ಟು

ಚಳ್ಳಕೆರೆ
4 ಫೆಬ್ರವರಿ 2024

ಪಾಲಮ್ಮಕ್ಕನಿಗೆ ಗಂಗಲಕ್ಷ್ಮಿಯ ನಮಸ್ಕಾರ.

ಯಾವ ಗಂಗಲಕ್ಷ್ಮಿ ಎಂದು ಯೋಚಿಸುತ್ತಿದ್ದೀರೇನೋ. ದೊಡ್ಡಉಳ್ಳಾರ್ತಿಯ ಕುರಿ ಚಿಕ್ಕೀರಪ್ಪನ ಮಗಳು. ಮೊಳಕಾಲ್ಮೂರಿನ ಹಾಸ್ಟೆಲಿನಲ್ಲಿ ಎಂಟನೇ ಕ್ಲಾಸಿನಿಂದ ಪಿಯುಸಿವರೆಗೆ ನಿಮ್ಮ ಕೈಯ ಮುದ್ದೆ ಉಂಡು ಬೆಳೆದವಳು. ಈಗ ಎಂಜಿನಿಯರ್ ಆಗಿದ್ದೇನೆ. ನಮ್ಮೂರ ಕುರಿ ಮೇಯುವ ಕಾವಲಿನ ಪಕ್ಕದಲ್ಲೇ ಬಂದಿರುವ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸ. ಬೇಲಿಯ ಆಚೆ ಅಪ್ಪನ ಕುರಿ, ಈಚೆ ನಾನು.

ಹೋದ ವಾರ ನಿಮ್ಮೂರಿನ ಫಿಸಿಯೋಥೆರಪಿಸ್ಟ್ ಕಾವ್ಯ ನಮ್ಮ ಲ್ಯಾಬಿಗೆ ಬಂದಿದ್ದರು. "ಒಬ್ಬರು ಅಡುಗೆಯವರು ಇದ್ದಾರೆ, ಲಕ್ವಾ ಹೊಡೆದು ಬಲಗೈ ಹೋಗಿದೆ. ಮಾತು ತೊದಲುತ್ತೆ ಅಂತ ಫೋನೂ ಮುಟ್ಟಲ್ಲ, ಮನೆಗೆ ಬಂದವರ ಹತ್ರಾನೂ ಮಾತಾಡಲ್ಲ" ಎಂದರು. ಹೆಸರು ಕೇಳಿ ನನ್ನ ಕೈಯಲ್ಲಿದ್ದ ಟೀ ಹಾಗೇ ಉಳಿಯಿತು. ಅದಕ್ಕೇ ಫೋನ್ ಮಾಡದೆ ಕಾಗದ ಬರೆಯುತ್ತಿದ್ದೇನೆ.

ನಾವು ಮಾಡುತ್ತಿರುವುದು ಇಂಥ ಕೈಗಳಿಗೇ ಒಂದು ಯಂತ್ರ. ಮೇಜಿನ ಮೇಲೆ ಒಂದು ಹಿಡಿ ಇರುತ್ತದೆ. ಅದನ್ನು ಹಿಡಿದು ತಿರುಗಿಸಬೇಕು. ಎಷ್ಟು ಬಿಗಿ ಇರಬೇಕು ಎಂಬುದನ್ನು ನಾವು ಹೆಚ್ಚು ಕಡಿಮೆ ಮಾಡಬಹುದು. ಕೈ ಬಲಿತಂತೆ ಬಿಗಿಯೂ ಏರುತ್ತದೆ. ಪರೀಕ್ಷೆಗೆಂದು ಒಂದು ಯಂತ್ರವನ್ನು ಕಾವ್ಯ ಅವರ ಕ್ಲಿನಿಕ್ಕಿನಲ್ಲಿ ಇಡುತ್ತಿದ್ದೇವೆ. ನೀವು ಒಪ್ಪಿದರೆ ಮೊದಲ ಕೈ ನಿಮ್ಮದೇ ಆಗಲಿ ಎಂದು ನನ್ನಾಸೆ.

ನಿಮ್ಮ
ಗಂಗಲಕ್ಷ್ಮಿ

ಮೊಳಕಾಲ್ಮೂರು
19 ಫೆಬ್ರವರಿ 2024

ಗಂಗಿ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ, ತಿಣುಕಿ ಓದಿಕೋ. ಕಾವ್ಯ ಮೇಡಂ ತಾವೇ ಬರೆದುಕೊಡುತ್ತೇನೆ ಎಂದರು. ನನ್ನ ಕಾಗದ ಇನ್ನೊಬ್ಬರ ಕೈಯಲ್ಲಿ ಯಾಕೆ ಎಂದು ಬೇಡ ಎಂದೆ.

ನಿನ್ನನ್ನು ಮರೆಯುವುದುಂಟಾ? ಜ್ವರ ಬಂದಾಗಲೆಲ್ಲ ರೂಮು ಬಿಟ್ಟು ಅಡುಗೆಮನೆಗೆ ಬಂದು, ರಾಗಿ ಚೀಲಕ್ಕೆ ಒರಗಿ ಮಲಗುತ್ತಿದ್ದವಳು ನೀನು. "ಒಲೆ ಹತ್ರ ಬೆಚ್ಗೈತೆ ಅಕ್ಕಾ" ಅನ್ನುತ್ತಿದ್ದೆ. ಆ ಹುಡುಗಿ ಈಗ ಯಂತ್ರ ಮಾಡುತ್ತಾಳಂತೆ.

ನನ್ನ ಕತೆ ಕೇಳಿದೀಯಲ್ಲ. ಒಂದು ದಿನ ಬೆಳಿಗ್ಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುವಾಗ ಕೈಯಿಂದ ಸೌಟು ಬಿತ್ತು. ಎತ್ತಿಕೊಳ್ಳೋಣ ಎಂದು ಬಗ್ಗಿದೆ, ನಾನೇ ಬಿದ್ದೆ. ಈಗ ನನ್ನ ಜಾಗದಲ್ಲಿ ಜಯಕ್ಕ ಇದ್ದಾಳೆ. ಒಳ್ಳೆಯವಳು. ಮುದ್ದೆ ಮಾತ್ರ ಗಂಟು ಗಂಟು. ವಾರ್ಡನ್ ಮೇಡಂ ಕರುಣೆಯಿಂದ ನನ್ನನ್ನು ಸೊಪ್ಪು ಬಿಡಿಸಲು ಕೂರಿಸಿದ್ದಾರೆ. ಹುಡುಗಿಯರು ಬಂದು "ಪಾಪ ಅಕ್ಕ" ಎಂದು ನನ್ನ ಬೆನ್ನು ಸವರುತ್ತಾರೆ. ನನಗೆ ಆ "ಪಾಪ" ಕೇಳಿದರೆ ಮೈ ಉರಿಯುತ್ತದೆ.

ನಿನ್ನ ಯಂತ್ರ ನೋಡಿದೆ. ಬಟ್ಟೆಯ ಪಟ್ಟಿಯಿಂದ ನನ್ನ ಕೈಯನ್ನು ಹಿಡಿಗೆ ಕಟ್ಟಿದರು. "ತಿರುಗ್ಸಿ ಅಮ್ಮಾ" ಎಂದರು. ಇದೇನು ತಿರುಗುತ್ತದೆ ಎಂದುಕೊಂಡು ಮನಸ್ಸು ಬಿಗಿಹಿಡಿದೆ. ತಿರುಗಿತು ಗಂಗಿ! ಒಂದು ಪೂರ್ತಿ ಸುತ್ತು ಹೋಯಿತು. ನಾನು ತೊದಲುತ್ತಲೇ ಕೂಗಿಬಿಟ್ಟೆನಂತೆ. ಪಕ್ಕದ ಅಂಗಡಿಯವರು ಬಾಗಿಲಿಗೆ ಬಂದಿದ್ದರು.

ಪಾಲಮ್ಮ

ಚಳ್ಳಕೆರೆ
10 ಮಾರ್ಚ್ 2024

ಪ್ರೀತಿಯ ಪಾಲಮ್ಮಕ್ಕ,

ನಿಮ್ಮ ಕಾಗದವನ್ನು ಲ್ಯಾಬಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ತಂಡದ ಮುಖ್ಯಸ್ಥರು ಮಹಾಂತೇಶ ಸರ್. ಅವರು ಸುಲಭಕ್ಕೆ ನಗುವವರಲ್ಲ. ಕೋಳಿ ಕೆದರಿದ ಅಕ್ಷರ ಎಂದಿದ್ದಕ್ಕೆ ಅವರೂ ನಕ್ಕರು.

ಯಂತ್ರದ ಒಳಗೇನಿದೆ ಎಂದು ನೀವು ಕೇಳಿದಿರೆಂದು ಕಾವ್ಯ ಹೇಳಿದರು. ಹಿಡಿಯ ಕೆಳಗೆ ಒಂದು ಮುಚ್ಚಿದ ಡಬ್ಬಿ ಇದೆ. ಅದರಲ್ಲಿ ಎಣ್ಣೆ, ಎಣ್ಣೆಯೊಳಗೆ ಹಿಟ್ಟಿನಷ್ಟು ನುಣ್ಣಗಿನ ಕಬ್ಬಿಣದ ಪುಡಿ. ಸುತ್ತಲಿನ ತಂತಿಗೆ ಕರೆಂಟು ಕೊಟ್ಟರೆ ಆ ಪುಡಿ ಒಂದಕ್ಕೊಂದು ಅಂಟಿ ಎಣ್ಣೆ ಗಟ್ಟಿಯಾಗುತ್ತದೆ, ಹಿಡಿ ಬಿಗಿಯಾಗುತ್ತದೆ. ಕರೆಂಟು ತೆಗೆದರೆ ಮತ್ತೆ ನೀರಿನ ಹಾಗೆ. ಎಷ್ಟು ಕರೆಂಟೋ ಅಷ್ಟು ಬಿಗಿ. ಪರದೆಯ ಮೇಲಿನ ಅಂಕಿ ಹೇಳುವುದು ಅದನ್ನೇ.

ಇನ್ನೂ ಕೆಲವು ಭಾಗಗಳಿವೆ. ಅವೆಲ್ಲ ನಮ್ಮ ತಲೆನೋವು, ನಿಮಗೆ ಬೇಡ. ನೀವು ತಿರುಗಿಸುತ್ತಾ ಇರಿ.

ಗಂಗಲಕ್ಷ್ಮಿ

ಮೊಳಕಾಲ್ಮೂರು
14 ಏಪ್ರಿಲ್ 2024

ಗಂಗಿ,

ಏಳು! ನಿನ್ನ ಯಂತ್ರದ ಪರದೆಯ ಮೇಲೆ ಏಳು ಬಂದಿದೆ. ನಮ್ಮ ಕ್ಲಿನಿಕ್ಕಿನಲ್ಲಿ ಬೇರೆ ಯಾರೂ ನಾಲ್ಕು ದಾಟಿಲ್ಲ. ಗೋಡೆಯ ಕಡೆ ಕೂರುವ ಹುಲಿಯಪ್ಪ ಎಂಬ ಮುದುಕರು ಮೂರರಲ್ಲೇ ಇದ್ದಾರೆ. ಅವರಿಗೆ ಹೋಗಿರುವುದು ಎಡಗೈ. ನನ್ನ ಅಂಕಿ ನೋಡಿ ಮುಖ ತಿರುಗಿಸಿಕೊಳ್ಳುತ್ತಾರೆ. ನನಗೆ ಒಳಗೊಳಗೇ ಖುಷಿ.

ಓಣಿಯವರಿಗೆಲ್ಲ ಹೇಳಿದ್ದೇನೆ, ನಮ್ಮ ಗಂಗಿ ಮಾಡಿದ ಯಂತ್ರ ಎಂದು. ಮೊನ್ನೆ ಅಂಗಡಿಯ ದಾಸಣ್ಣ "ಅದ್ಯಾರು ಗಂಗಿ?" ಎಂದ. "ನನ್ ಮುದ್ದೆ ತಿಂದ್ ಬೆಳೆದೋಳು" ಎಂದೆ. ತೊದಲಿದೆ. ತೊದಲಿದರೆ ಏನಾಯಿತು, ಹೇಳಿದೆ.

ಒಂದು ವಿಷಯ ಮನಸ್ಸಿನಲ್ಲಿದೆ. ಈಗ ಹೇಳುವುದಿಲ್ಲ. ಮಾಡಿ ತೋರಿಸಿ ಆಮೇಲೆ ಬರೆಯುತ್ತೇನೆ.

ಪಾಲಮ್ಮ

ಚಳ್ಳಕೆರೆ
6 ಮೇ 2024

ಪ್ರೀತಿಯ ಅಕ್ಕ,

ನಿಮ್ಮ ಏಳು ಬೆಂಗಳೂರಿಗೆ ಹೋಗಿ ಬಂತು! ಅಲ್ಲೊಂದು ದೊಡ್ಡ ಸಭೆಯಿತ್ತು. ಮಹಾಂತೇಶ ಸರ್ ಗೋಡೆಯ ಮೇಲೆ ನಿಮ್ಮ ಕೈಯ ಏರಿಕೆಯ ಗೆರೆ ತೋರಿಸಿ, "ಇದು ಮೊಳಕಾಲ್ಮೂರಿನ ಒಬ್ಬ ಹೆಣ್ಣುಮಗಳ ಕೈ" ಎಂದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಎದೆ ಉಬ್ಬಿತು.

ನಿಮ್ಮ ಮನಸ್ಸಿನಲ್ಲಿರುವುದು ಏನೆಂದು ನನಗೆ ಗೊತ್ತಾಯಿತು ಬಿಡಿ. ಚಳ್ಳಕೆರೆಗೆ ಬರುತ್ತಿದ್ದೀರಿ ಅಲ್ಲವೇ? ಹೇಳದೆ ಕೇಳದೆ ನಮ್ಮ ಗೇಟಿನ ಮುಂದೆ ಬಸ್ಸಿಳಿದು ನಿಲ್ಲಬೇಕೆಂದಿದ್ದೀರಿ. ಬನ್ನಿ. ಯಾವಾಗ ಬಂದರೂ ಊಟಕ್ಕೆ ನಮ್ಮ ಮನೆ. ಆದರೆ ಭಾರದ ಚೀಲ ಗೀಲ ಎತ್ತಿಕೊಂಡು ಬರಬೇಡಿ. ಕೈಗೆ ಇನ್ನೂ ಸ್ವಲ್ಪ ಕಾಲ ಬೇಕು.

ಗಂಗಲಕ್ಷ್ಮಿ

ಚಳ್ಳಕೆರೆ
20 ಜೂನ್ 2024

ಅಕ್ಕ,

ದಾರಿ ನೋಡಿದೆ, ನೀವು ಬರಲಿಲ್ಲ. ಕಾಗದವೂ ಇಲ್ಲ. ಕ್ಲಿನಿಕ್ಕಿಗೂ ಹೋಗುತ್ತಿಲ್ಲ ಎಂದು ಕಾವ್ಯ ಹೇಳಿದರು. ಯಾಕೆಂದು ಕೇಳಿದರೆ "ಅವರೇ ಬರೀತಾರೆ ಬಿಡಿ" ಎಂದು ಫೋನಿಟ್ಟರು. ಮೈ ಸರಿಯಿಲ್ಲವೇ? ಒಂದೇ ಒಂದು ಸಾಲು ಬರೆಯಿರಿ.

ಗಂಗಲಕ್ಷ್ಮಿ

ಚಳ್ಳಕೆರೆ
11 ಜುಲೈ 2024

ಅಕ್ಕ, ನನ್ನಿಂದ ಏನಾದರೂ ತಪ್ಪಾಯಿತೇ?

ಗಂಗಲಕ್ಷ್ಮಿ

ಮೊಳಕಾಲ್ಮೂರು
28 ಜುಲೈ 2024

ಗಂಗಲಕ್ಷ್ಮಿಗೆ,

ತಪ್ಪಾಯಿತೇ ಎಂದು ಕೇಳಿದ್ದೀಯ. ಹೇಳುತ್ತೇನೆ ಕೇಳು.

ರಜೆ ಮುಗಿದು ಹಾಸ್ಟೆಲ್ ತೆರೆದ ದಿನ ನನ್ನ ಕೆಲಸ ನಾನು ಮಾಡುತ್ತೇನೆ ಎಂದು ವಾರ್ಡನ್ ಮೇಡಂಗೆ ಮೊದಲೇ ಹೇಳಿದ್ದೆ. ನಿನಗೆ ಹೇಳದೆ ಇಟ್ಟುಕೊಂಡಿದ್ದು ಇದನ್ನೇ. ಮಾಡಿ ತೋರಿಸಿ ನಿನಗೆ ಬರೆಯಬೇಕು, ನೀನು ಹಿಗ್ಗಬೇಕು ಎಂಬ ಆಸೆ.

ಆ ದಿನ ಮುದ್ದೆಯ ಹಂಡೆಯಲ್ಲಿ ಎಸರು ಕುದಿಯುತ್ತಿತ್ತು. ಹಿಟ್ಟು ಬಿದ್ದಿತ್ತು. "ಜಯಕ್ಕಾ, ಕೋಲು ಕೊಡಿಲ್ಲಿ" ಎಂದೆ.

"ಬ್ಯಾಡ ಕಣಕ್ಕಾ, ಇನ್ನೊಂದಷ್ಟು ದಿನ ಹೋಗ್ಲಿ" ಎಂದಳು.

"ಏಳು ಐತೆ ಕಣೇ ನಂದು. ಏಳು!" ಎಂದೆ.

ಹುಡುಗಿಯರೆಲ್ಲ ಬಾಗಿಲಲ್ಲಿ ಗುಂಪಾಗಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಕೋಲು ಹಿಡಿದೆ. ತೆಳ್ಳಗಿರುವಾಗ ಒಂದು ಸುತ್ತು ಹೋಯಿತು. ಹಿಟ್ಟು ಕೂಡಿಕೊಳ್ಳಲು ಶುರುವಾದದ್ದೇ ಕೈ ನನ್ನದಲ್ಲ ಎಂಬಂತೆ ಬಿಟ್ಟುಬಿಟ್ಟಿತು. ಕೋಲು ಜಾರಿತು, ಅದರ ಮೇಲೆ ಮೈಭಾರ ಹಾಕಿದ್ದ ನಾನೂ ವಾಲಿದೆ. ಬಿಸಿ ಹಿಟ್ಟು ಕಾಲಿನ ಮೇಲೆ ಬಿತ್ತು. ಜಯಕ್ಕ ಸೆರಗು ಹಿಡಿದು ಎಳೆಯದಿದ್ದರೆ ಹಂಡೆಯೊಳಗೇ ಬೀಳುತ್ತಿದ್ದೆ. ಚಪ್ಪಾಳೆ ನಿಂತುಹೋಯಿತು. ಒಬ್ಬ ಹುಡುಗಿ ಅತ್ತಳು.

ಕಾಲಿನ ಗಾಯ ಒಣಗಿದ ಮೇಲೆ ಕಾವ್ಯ ಮೇಡಂ ಹತ್ತಿರ ಹೋದೆ. "ಯಂತ್ರ ಏಳು ಅಂತೈತೆ, ಹಂಡೆ ಸೊನ್ನೆ ಅಂತೈತೆ. ಯಾವ್ದು ನಿಜ ಹೇಳಮ್ಮ" ಎಂದೆ. ಆಕೆ ತಲೆ ತಗ್ಗಿಸಿದರು. "ಒಳಗೊಂದು ಮೋಟರ್ ಐತಮ್ಮ. ನೀವು ಸ್ವಲ್ಪ ತಳ್ಳಿದ್ರೆ ಮಿಕ್ಕಿದ್ದು ಅದು ತಳ್ಳುತ್ತೆ" ಎಂದರು. ಆ ಮೋಟರ್ ಆರಿಸು ಎಂದೆ. ಆರಿಸಿದರು. ಕೈ ಇದ್ದಲ್ಲೇ ಇತ್ತು.

ಗಂಗಿ, ನಿನಗೆ ಗಣಿತದಲ್ಲಿ ಕಡಿಮೆ ಬಂದಾಗ ನಾನು "ಜಾಸ್ತಿ ಬಂದೈತೆ" ಎಂದೆನಾ? ಊಟ ಹಾಕಿ "ಓದು ಹೋಗು" ಎಂದೆ. ನೀನು ನನಗೆ ಅಷ್ಟನ್ನೂ ಮಾಡಲಿಲ್ಲ. ಊರವರೆಲ್ಲ "ಪಾಪ" ಎಂದರು, ತಡೆದುಕೊಂಡೆ. ನೀನು ಅದನ್ನೇ ಯಂತ್ರದ ಒಳಗಿಟ್ಟು ಕಳಿಸಿದೆ.

ಪಾಲಮ್ಮ

ಚಳ್ಳಕೆರೆ
6 ಆಗಸ್ಟ್ 2024

ಅಕ್ಕ,

ನಿಮ್ಮ ಕಾಗದವನ್ನು ನಿಂತೇ ಓದಿದೆ. ಕೂರುವ ಧೈರ್ಯವಾಗಲಿಲ್ಲ.

ಹೌದು, ಮೋಟರ್ ಇದೆ. ಪೂರ್ತಿ ಸೋತ ಕೈಗೆ ಮೊದಲು ಚಲನೆ ಕಲಿಸಬೇಕು, ಅದಕ್ಕೆ ಮೋಟರ್ ಬೇಕೇ ಬೇಕು. ಅದರಲ್ಲಿ ತಪ್ಪಿಲ್ಲ. ನಿಮಗೆ ಹೇಳದೆ ಇದ್ದದ್ದು ತಪ್ಪು. ಏಳು ಎಂಬುದು ಹಿಡಿಯ ಬಿಗಿ. ಆ ಬಿಗಿಯನ್ನು ದಾಟಿದ್ದರಲ್ಲಿ ಬಹುಪಾಲು ಮೋಟರಿನದು. ನಿಮ್ಮ ಮೊದಲ ಕಾಗದದಲ್ಲಿ "ತಿರುಗಿತು ಗಂಗಿ" ಎಂದು ಓದಿದಾಗಲೇ ಬರೆಯಬೇಕಿತ್ತು. ಆ ಸಂತೋಷವನ್ನು ಮುರಿಯಲು ಮನಸ್ಸಾಗಲಿಲ್ಲ. ಆಮೇಲೆ ನಿಮ್ಮ ಅಂಕಿಯಿಂದ ನನಗೂ ಹೆಸರು ಬರತೊಡಗಿತು. ಅದನ್ನೂ ಬಚ್ಚಿಡುವುದಿಲ್ಲ.

ಕಾಗದವನ್ನು ಮಹಾಂತೇಶ ಸರ್ ಮುಂದಿಟ್ಟೆ. ಓದಿದರು. "ಗೆದ್ದೆ ಅನ್ನಿಸದಿದ್ದರೆ ರೋಗಿ ಎರಡನೇ ಸಲ ಬರೋದಿಲ್ಲ ಗಂಗಲಕ್ಷ್ಮಿ" ಎಂದರು.

"ಗೆಲ್ಲದೇ ಗೆದ್ದೆ ಅನ್ನಿಸಿದ್ದಕ್ಕೆ ಅವರ ಕಾಲು ಸುಟ್ಟಿದೆ ಸರ್" ಎಂದೆ.

ಎರಡು ದಿನ ನಮ್ಮಲ್ಲಿ ಜಗಳವೇ ನಡೆಯಿತು. ಮೂರನೆಯ ದಿನ ಅವರೇ ಬಂದರು. ಬೆಂಗಳೂರಿನವರಿಗೆ "ನಾವು ತೋರಿಸಿದ ಗೆರೆಯಲ್ಲಿ ಯಂತ್ರದ ಪಾಲನ್ನು ಬೇರೆ ಮಾಡಿರಲಿಲ್ಲ, ದಯವಿಟ್ಟು ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ" ಎಂದು ಬರೆದು ಸಹಿ ಹಾಕಿದರು. ದೊಡ್ಡ ಮನುಷ್ಯ.

ಈಗ ಹೊಸದಾಗಿ ಮಾಡುತ್ತಿದ್ದೇನೆ. ಪರದೆಯ ಮೇಲೆ ಅಂಕಿ ಇರುವುದಿಲ್ಲ. ಎರಡು ಪಟ್ಟಿ ಇರುತ್ತವೆ. ಹಸಿರು ಪಟ್ಟಿ ನಿಮ್ಮ ಕೈಯದು, ಬಿಳಿ ಪಟ್ಟಿ ಯಂತ್ರದ್ದು. ಯಂತ್ರದ ಸಹಾಯ ಎಷ್ಟಿರಬೇಕು ಎಂಬ ಗುಂಡಿ ನಿಮ್ಮ ಎಡಗೈ ಹತ್ತಿರ ಇರುತ್ತದೆ. ಏರಿಸುವವರೂ ನೀವೇ, ಇಳಿಸುವವರೂ ನೀವೇ. ಪೂರ್ತಿ ಇಳಿಸಿದರೆ ಮೋಟರ್ ಸುಮ್ಮನಾಗುತ್ತದೆ. ಆಮೇಲೆ ಉಳಿಯುವುದು ಎಣ್ಣೆಯ ಬಿಗಿ ಮತ್ತು ನಿಮ್ಮ ಕೈ.

ಬನ್ನಿ ಎಂದು ಕರೆಯುವ ಬಾಯಿ ನನಗಿಲ್ಲ. ಯಂತ್ರ ಸೆಪ್ಟೆಂಬರಿನಲ್ಲಿ ಕ್ಲಿನಿಕ್ಕಿಗೆ ಬರುತ್ತದೆ.

ಗಂಗಲಕ್ಷ್ಮಿ

ಮೊಳಕಾಲ್ಮೂರು
15 ಅಕ್ಟೋಬರ್ 2024

ಗಂಗಿ,

ಹೋಗಬಾರದು ಎಂದೇ ಇದ್ದೆ. ಆದರೆ ನಿಜ ಹೇಳುವ ಯಂತ್ರ ಹೇಗಿರುತ್ತದೆ ಎಂದು ನೋಡುವ ಚಟ. ಹೋದೆ.

ಕೈ ಕಟ್ಟಿ ತಿರುಗಿಸಿದೆ. ಬಿಳಿ ಪಟ್ಟಿ ಇಷ್ಟುದ್ದ ಹೋಯಿತು. ಹಸಿರು ಒಂದು ಉಗುರಿನಷ್ಟು. ಕಾವ್ಯ ಮೇಡಂ ನನ್ನ ಮುಖ ನೋಡುತ್ತಿದ್ದರು, ಅಳುತ್ತೇನೆ ಎಂದುಕೊಂಡಿರಬೇಕು. ನನಗೆ ನಗು ಬಂತು. ಒಂದು ಉಗುರು, ಆದರೆ ಯಾರ ಅಪ್ಪನದೂ ಅಲ್ಲ, ನನ್ನದು. ಮಾರನೆಯ ದಿನವೂ ಹೋದೆ.

ಈಗ ನನಗೂ ಆ ಗುಂಡಿಗೂ ದಿನಾ ಗುದ್ದಾಟ. ಒಂದು ಕೂದಲೆಳೆಯಷ್ಟು ಇಳಿಸುತ್ತೇನೆ, ಕೈ ನಡುಗುತ್ತದೆ, ಬೆವರು ಇಳಿಯುತ್ತದೆ, ಬಿಡುವುದಿಲ್ಲ. ಕೆಲವು ದಿನ ಹಸಿರು ಹಿಂದಕ್ಕೇ ಹೋಗುತ್ತದೆ. ಹೋದರೆ ಹೋಗಲಿ, ಅದೂ ನಿಜವೇ.

ಹುಲಿಯಪ್ಪನವರ ವಿಷಯ ಬರೆಯಬೇಕು. ಹೊಸ ಪರದೆಯಲ್ಲಿ ತಮ್ಮ ಹಸಿರು ನೋಡಿ ಅವರು ಕೈಗೆ ಕಟ್ಟಿದ್ದನ್ನು ಬಿಚ್ಚಿಕೊಂಡು ಎದ್ದುಬಿಟ್ಟರು. ಆಂಧ್ರದ ಅಂಚಿನ ಹಳ್ಳಿಯವರು, ತೆಲುಗೇ ಜಾಸ್ತಿ. "ಏಮೀ ಲೇದಮ್ಮ, ಏನೂ ಉಳಿದಿಲ್ಲ ನಂದು" ಎಂದರು. ನಾನು ಪಕ್ಕದಲ್ಲಿ ಕೂತೆ. "ಯಜಮಾನ್ರೇ, ಅಲ್ನೋಡ್ರಿ. ಸಣ್ಣಗೈತೆ, ಆದ್ರೆ ಐತೆ. ಇಲ್ದೇ ಇರೋದಾದ್ರೆ ಹಸಿರೇ ಬರ್ತಿರ್ಲಿಲ್ಲ" ಎಂದೆ. ನನ್ನ ತೊದಲು ಅವರಿಗೆ ಅರ್ಥವಾಯಿತು. ಮತ್ತೆ ಕೂತರು. ಅವರನ್ನು ನೋಡಿ ಒಳಗೊಳಗೇ ಖುಷಿಪಟ್ಟಿದ್ದೆನಲ್ಲ, ನಾಚಿಕೆಯಾಯಿತು.

ನಿನ್ನ ಮೇಲಿನ ಸಿಟ್ಟು ಇನ್ನೂ ಸ್ವಲ್ಪ ಇದೆ. ಕಾಗದ ಬರೆಯುವುದನ್ನು ನಿಲ್ಲಿಸಬೇಡ.

ಪಾಲಮ್ಮ

ದೊಡ್ಡಉಳ್ಳಾರ್ತಿ
22 ಡಿಸೆಂಬರ್ 2024

ಪ್ರೀತಿಯ ಪಾಲಮ್ಮಕ್ಕ,

ಊರಿಗೆ ಬಂದಿದ್ದೇನೆ, ಇಲ್ಲಿಂದಲೇ ಬರೆಯುತ್ತಿದ್ದೇನೆ. ನೀವು ಗುಂಡಿಯನ್ನು ಪೂರ್ತಿ ಇಳಿಸಿದಿರಿ ಎಂದು ಕಾವ್ಯ ಫೋನ್ ಮಾಡಿದಾಗ ನಾನು ಲ್ಯಾಬಿನಲ್ಲಿದ್ದೆ. "ಬಿಳಿ ಇಲ್ಲ! ಬರೀ ಹಸಿರು!" ಎಂದು ಕೂಗಿದೆ. ಮಹಾಂತೇಶ ಸರ್ ಕುರ್ಚಿಯಿಂದ ಎದ್ದು ನಿಂತರು.

ಈಗ ಬಿಗಿಯ ಕೆಲಸ. ಒಂದೇ ಸಮನಾದ ಬಿಗಿ ಕೊಟ್ಟರೆ ಸಾಲದು ಎನ್ನುವುದು ನಿಮ್ಮ ಹಂಡೆಯ ಕತೆಯಿಂದ ನನಗೆ ಹೊಳೆಯಿತು. ಹಾಗಾಗಿ ಹಿಂದಿನ ಸಲ ಊರಿಗೆ ಬಂದಿದ್ದಾಗ, ಅವ್ವ ಮುದ್ದೆ ತಿರುವುವ ಕೋಲಿಗೆ ಒಂದು ಸಣ್ಣ ಅಳತೆಯ ಸಾಧನ ಕಟ್ಟಿದೆ. ಅವ್ವ ನಗುತ್ತಲೇ ತಿರುವಿದಳು. "ಮುದ್ದೆಗೂ ವಯರ್ ಕಟ್ದೋಳು ನೀನೊಬ್ಳೇ ಕಣೇ" ಎಂದಳು. ಮೊದಲು ಸಡಿಲ, ಆಮೇಲೆ ಕೂಡಿಕೊಳ್ಳುತ್ತಾ ಬಿಗಿ, ನಡುನಡುವೆ ತಡೆದು ಎಳೆಯುವುದು, ಎಲ್ಲ ದಾಖಲಾಯಿತು. ಅದೇ ಏರಿಳಿತವನ್ನು ಎಣ್ಣೆಯ ಡಬ್ಬಿಗೆ ಕಲಿಸಿದ್ದೇನೆ. ಹೊಸ ವರ್ಷಕ್ಕೆ ನಿಮ್ಮ ಯಂತ್ರದಲ್ಲಿ ಮುದ್ದೆ ಎಂಬ ಗುಂಡಿ ಬರುತ್ತದೆ. ಮಹಾಂತೇಶ ಸರ್ ಅಂಗಿಯ ತೋಳು ಮಡಚಿ ತಿರುಗಿಸಿ ನೋಡಿದರು. ಅರ್ಧಕ್ಕೇ ಬೆವತು, "ಇದನ್ನ ದಿನಾ ಮಾಡ್ತಾರೇನ್ರೀ!" ಎಂದರು.

ಇನ್ನೊಂದು ಸುದ್ದಿ. ಎರಡು ಪಟ್ಟಿಯ ಈ ಯಂತ್ರವನ್ನು ಬೇರೆ ಎರಡು ಊರಿನ ಆಸ್ಪತ್ರೆಯವರು ಕೇಳಿದ್ದಾರೆ. ಅದನ್ನು ನೋಡಲು ಅಪ್ಪ ಮೊದಲ ಸಲ ಬೇಲಿ ದಾಟಿ ಲ್ಯಾಬಿಗೆ ಬಂದ. ಗೇಟಿನಲ್ಲಿ ಯಾರು ಎಂದು ಕೇಳಿದರೆ, "ಸೋತ ಕೈ ಎಬ್ಬಿಸ್ತಾಳಲ್ಲ, ಅವ್ಳಪ್ಪ" ಎಂದನಂತೆ. ನಾನು ಕೈ ಎಬ್ಬಿಸುವವಳಲ್ಲ, ನೀವು ಎಬ್ಬಿಸಿಕೊಂಡಿರಿ ಎಂದು ಅವನಿಗೆ ಹೇಳಿದೆ. "ಅದೂ ಸರಿ, ಇದೂ ಸರಿ" ಎಂದು ಹಿಡಿಯನ್ನು ಸವರಿ ನೋಡಿದ.

ಗಂಗಲಕ್ಷ್ಮಿ

ಮೊಳಕಾಲ್ಮೂರು
9 ಮಾರ್ಚ್ 2025

ಗಂಗಿ,

ಈ ಕಾಗದದ ಮೊದಲ ಎರಡು ಸಾಲು ಬಲಗೈಯಲ್ಲಿ ಬರೆದದ್ದು. ನೋಡಿಕೋ.

ಇಲ್ಲಿಂದ ಮುಂದೆ ಎಡಗೈ. ಬಲಗೈ ದಣಿಯಿತು, ಸುಳ್ಳೇಕೆ.

ನಿನ್ನ ಮುದ್ದೆ ಗುಂಡಿಯಲ್ಲಿ ಜನವರಿಯಿಂದ ತಿರುವುತ್ತಿದ್ದೇನೆ. ಹುಲಿಯಪ್ಪನವರೂ ಈಗ ಅದನ್ನೇ ಕೇಳುತ್ತಾರೆ. "ನಿಮ್ ಮನೇಲಿ ನೀವೇನ್ ಮುದ್ದೆ ತಿರುವಿದೋರಾ?" ಎಂದು ಕಾವ್ಯ ಮೇಡಂ ರೇಗಿಸುತ್ತಾರೆ.

ಇವತ್ತು ಭಾನುವಾರ. ಹಾಸ್ಟೆಲಿಗೆ ಹೋಗಿ ಅಡುಗೆಮನೆಯಲ್ಲಿ ನಿಂತೆ. ನಾನು ಬಾಯಿ ತೆರೆಯುವ ಮೊದಲೇ ಜಯಕ್ಕ ನನ್ನ ಕಾಲು ನೋಡಿದಳು. ಸುಟ್ಟ ಕಲೆ ಇನ್ನೂ ಇದೆ.

"ಒಬ್ಳೇ ಹಿಡಿಯಲ್ಲ ಕಣೇ" ಎಂದೆ. "ನೀನೂ ಹಿಡಿ. ಗಟ್ಟಿ ಆಗೋವರ್ಗೂ ನಂಗೆ ಬಿಡು. ಕೈ ಸೋತ್ರೆ ನಾನೇ ಹೇಳ್ತೀನಿ, ನೀನ್ ತಗೋ."

ಅವಳು ಕೋಲಿನ ಮೇಲ್ಭಾಗ ಕೊಟ್ಟಳು. ತಾನು ನನ್ನ ಕೈಯ ಕೆಳಗೆ ಹಿಡಿದಳು. ತಿರುವಿದೆವು. ತೆಳ್ಳಗಿರುವಾಗ ಅವಳು ಸುಮ್ಮನೆ ಕೈ ಇಟ್ಟುಕೊಂಡಿದ್ದಳು, ಎಳೆತ ಪೂರ್ತಿ ನನ್ನದು. ಹಿಟ್ಟು ಕೂಡಿಕೊಂಡಿತು. ಕೋಲು ನಿಂತು ನಿಂತು ಎಳೆಯಿತು. ಇದು ನನ್ನ ಕೈಗೆ ಗೊತ್ತಿರುವ ಎಳೆತವೇ. ಬಿಡಲಿಲ್ಲ. ಇನ್ನೂ ಒಂದಷ್ಟು ತಿರುವಿ ತೋಳು ನಡುಗತೊಡಗಿದಾಗ "ಈಗ ತಗಳೇ" ಎಂದೆ. ಅವಳು ತೆಗೆದುಕೊಂಡು ಮುಗಿಸಿದಳು. ಗಂಟೇ ಇರಲಿಲ್ಲ. ಅದು ಯಾರ ಕೈಗುಣವೋ ಗೊತ್ತಿಲ್ಲ.

ಪೂರ್ತಿ ಹಂಡೆ ನನ್ನಿಂದ ಇನ್ನು ಆಗುವುದಿಲ್ಲ. ಕಾವ್ಯ ಮೇಡಂ ಹಾಗೇ ಹೇಳಿದ್ದಾರೆ, ನನಗೂ ಗೊತ್ತು. ಒಲೆ ಜಯಕ್ಕನದೇ. ದಿನಾ ಅರ್ಧ ಹೊತ್ತು ಅವಳ ಜೊತೆ ನಿಲ್ಲುತ್ತೇನೆ ಎಂದು ವಾರ್ಡನ್ ಮೇಡಂಗೆ ಹೇಳಿದೆ, ಒಪ್ಪಿದರು.

ಮುದ್ದೆ ಬಡಿಸುವಾಗ ಹೊಸ ಹುಡುಗಿಯೊಬ್ಬಳು ಕೇಳಿದಳು, "ಪಾಲಮ್ಮಕ್ಕಾ, ಇವತ್ತಿಂದು ನೀವ್ ಮಾಡಿದ್ದಂತೆ?"

ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಅರ್ಧಕ್ಕೆ ಸ್ವಲ್ಪ ಕಮ್ಮಿ ನಂದು. ಮಿಕ್ಕಿದ್ದು ಜಯಕ್ಕಂದು. ಉಣ್ಣಿ."

ಪಾಲಮ್ಮ